ರಿಲೇ ವೇಗ ಅಳೆಯಲು ಹೋಗಿ ಕರೆಂಟಿನ ನಾಡಿ ಹಿಡಿದಿದ್ದೀರಿ

ಪ್ರಶ್ನೆ: ನನ್ನ ಹತ್ತಿರ ಎರಡು ಸಾಲಿಡ್ ಸ್ಟೇಟ್ ರಿಲೇಗಳಿವೆ (ಚಲಿಸುವ ಭಾಗವಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್). ಒಂದರ ಮೇಲೆ ಇನ್‌ಪುಟ್ 3–32 ವೋಲ್ಟ್ ಡಿಸಿ, ಔಟ್‌ಪುಟ್ 24–380 ವೋಲ್ಟ್ ಎಸಿ ಅಂತ ಬರೆದಿದೆ. ಇನ್ನೊಂದು ಡಿಸಿ ಲೋಡಿಗೆ. ವೋಲ್ಟೇಜಿನ ಅಲೆಯನ್ನು ತೆರೆಯ ಮೇಲೆ ತೋರಿಸುವ ಆಸಿಲ್ಲೋಸ್ಕೋಪ್ ಇಲ್ಲದ ಕಾರಣ, ಪ್ರೋಗ್ರಾಂ ಹಾಕಿ ನಡೆಸುವ ಆರ್ಡುಯಿನೋ ಊನೋ ಬೋರ್ಡಿನಿಂದಲೇ ಮೊದಲನೆಯದರ ಸ್ವಿಚಿಂಗ್ ವೇಗ ಅಳೆದೆ. 24 ವೋಲ್ಟ್ ಟ್ರಾನ್ಸ್‌ಫಾರ್ಮರ್, ಲೋಡಿಗೆ ಒಂದು ರೆಸಿಸ್ಟರ್, ಅದರ ಎರಡು ತುದಿಗೆ ಬ್ರಿಡ್ಜ್ ಡಯೋಡ್ (ಎಸಿಯನ್ನು ಒಂದೇ ದಿಕ್ಕಿಗೆ ತಿರುಗಿಸುವುದು) ಮತ್ತು ಪಿಸಿ817 ಆಪ್ಟೊಕಪ್ಲರ್ (ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸುವ ಚಿಪ್) ಹಾಕಿದ್ದೇನೆ. ಪ್ರೋಗ್ರಾಂ ರಿಲೇಯನ್ನು ಆನ್ ಮಾಡುತ್ತದೆ, ಆಪ್ಟೊ ಸಿಗ್ನಲ್ ಬರುವವರೆಗೆ ಕಾಯುತ್ತದೆ, ಎಷ್ಟು ಹೊತ್ತಾಯಿತು ಅಂತ ಮೈಕ್ರೋಸ್ ಫಂಕ್ಷನ್‌ನಿಂದ ನೋಡಿ ತೋರಿಸುತ್ತದೆ. ಒಂದು ಸೆಕೆಂಡ್ ಬಿಟ್ಟು ಆಫ್, ಇನ್ನೊಂದು ಸೆಕೆಂಡ್ ಬಿಟ್ಟು ಮತ್ತೆ ಆನ್. ನಿನ್ನೆ ಸುಮಾರು 2 ಮಿಲಿಸೆಕೆಂಡ್ ಬರುತ್ತಿತ್ತು, ಇವತ್ತು 8ರ ಹತ್ತಿರ ಬರುತ್ತಿದೆ. ಅದೇ ರಿಲೇಯನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿದರೆ ಆನ್ ಆಗುತ್ತದೆ, ಆಫ್ ಆಗುವುದೇ ಇಲ್ಲ. ರಿಲೇ ಕೆಟ್ಟಿದೆಯಾ? ಮನೆಯಲ್ಲೇ ಸರಿಯಾಗಿ ಅಳೆಯುವುದು ಹೇಗೆ? ಡಿಸಿ ರಿಲೇಗೆ ಪಿಡಬ್ಲ್ಯೂಎಂ, ಅಂದರೆ ವೇಗವಾಗಿ ಆನ್-ಆಫ್ ಮಾಡಿ ಶಕ್ತಿ ನಿಯಂತ್ರಿಸುವ ಸಿಗ್ನಲ್, ಕೊಡಬಹುದಾ?

ಉತ್ತರ: ರಿಲೇ ಕೆಟ್ಟಿಲ್ಲ. ನಿಮ್ಮ ಅಳತೆಯೂ ಪೂರ್ತಿ ತಪ್ಪಲ್ಲ. ಆದರೆ ಅಳೆದದ್ದು ರಿಲೇಯನ್ನಲ್ಲ, ಅಷ್ಟೇ.

ಮೊದಲು ಬ್ಯಾಟರಿ ವಿಷಯ ಮುಗಿಸೋಣ. ಎಸಿ ಲೋಡಿನ ರಿಲೇ ಒಳಗೆ ಇರುವುದು ಟ್ರಯಾಕ್, ಇಲ್ಲವೇ ಬೆನ್ನಿಗೆ ಬೆನ್ನು ಕೊಟ್ಟ ಎರಡು ಎಸ್‌ಸಿಆರ್. ಇವೆರಡೂ ಅರೆವಾಹಕ ಸ್ವಿಚ್‌ಗಳು, ಗೇಟ್ ಅನ್ನುವ ನಿಯಂತ್ರಣ ಕಾಲಿನಿಂದ ಆನ್ ಆಗುತ್ತವೆ. ಒಮ್ಮೆ ಹೊತ್ತಿಕೊಂಡರೆ ಗೇಟಿನ ಮಾತು ಕೇಳುವುದಿಲ್ಲ. ತಮ್ಮ ಮೂಲಕ ಹರಿಯುವ ಕರೆಂಟ್ ಸೊನ್ನೆಯ ಹತ್ತಿರ ಇಳಿದಾಗ ಮಾತ್ರ ಆರುತ್ತವೆ. ಎಸಿಯಲ್ಲಿ ಕರೆಂಟ್ ಪ್ರತಿ ಅರ್ಧ ಸುತ್ತಿಗೊಮ್ಮೆ ತಾನಾಗಿಯೇ ಸೊನ್ನೆಗೆ ಬರುತ್ತದೆ. ಬ್ಯಾಟರಿಯಲ್ಲಿ ಬರುವುದಿಲ್ಲ. ನೀವು ಇನ್‌ಪುಟ್ ವೈರನ್ನೇ ಕಿತ್ತರೂ ಅದು ಆನ್ ಆಗಿಯೇ ಇರುತ್ತದೆ. ಇದನ್ನು ತಿಳಿಯದೆ ನಾನೂ ಒಂದು ಇಡೀ ಸಂಜೆ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಕೂತಿದ್ದೆ. ಎಸಿ ರಿಲೇಯನ್ನು ಡಿಸಿಯಲ್ಲಿ ಪರೀಕ್ಷೆ ಮಾಡಬೇಡಿ, ಅಷ್ಟೇ.

ಈಗ 2 ಮತ್ತು 8ರ ಕಥೆ. ನಿಮ್ಮ ಮನೆಯ ಕರೆಂಟ್ ಲೈನ್ 50 ಹರ್ಟ್ಜ್ (ಸೆಕೆಂಡಿಗೆ 50 ಸುತ್ತು) ಅಂತ ಹಿಡಿದು ಲೆಕ್ಕ ಹೇಳುತ್ತೇನೆ. ಒಂದು ಸುತ್ತಿಗೆ 20 ಮಿಲಿಸೆಕೆಂಡ್, ಅರ್ಧ ಸುತ್ತಿಗೆ 10. (60 ಹರ್ಟ್ಜ್ ಆದರೆ ಅರ್ಧ ಸುತ್ತು 8.3 ಮಿಲಿಸೆಕೆಂಡ್. ಉಳಿದದ್ದೆಲ್ಲ ಇದೇ ರೀತಿ.) ನಿಮ್ಮ ರಿಲೇ ಹೆಚ್ಚುಕಡಿಮೆ ಖಂಡಿತವಾಗಿ ಜೀರೋ ಕ್ರಾಸಿಂಗ್ ಜಾತಿಯದು. ಇನ್‌ಪುಟ್ ಕೊಟ್ಟ ತಕ್ಷಣ ಅದು ಆನ್ ಆಗುವುದಿಲ್ಲ. ವೋಲ್ಟೇಜ್ ಸೊನ್ನೆಗೆ ಬರಲಿ ಅಂತ ಕಾಯುತ್ತದೆ. ಸೊನ್ನೆ ಈಗಷ್ಟೇ ದಾಟಿ ಹೋಗಿದ್ದರೆ 10 ಮಿಲಿಸೆಕೆಂಡ್ ಕಾಯಬೇಕು. ಇನ್ನೇನು ಬರುವುದರಲ್ಲಿದ್ದರೆ ಕಾಯುವುದೇ ಬೇಡ. ಹಾಗಾಗಿ ಇದರ ವೇಗ ಅಂದರೆ ಒಂದು ನಂಬರ್ ಅಲ್ಲ, 0ಯಿಂದ 10ರವರೆಗಿನ ಹರವು. ಡೇಟಾಶೀಟಿನಲ್ಲಿ ಅರ್ಧ ಸುತ್ತು ಅಂತ ಬರೆದಿರುವುದು ಈ ಗರಿಷ್ಠ ಮಿತಿಯನ್ನು.

ಹಾಗಿದ್ದರೆ ನಿಮಗೆ ಪ್ರತಿ ಸಲ ಬೇರೆ ಬೇರೆ ನಂಬರ್ ಬರಬೇಕಿತ್ತು, ಅಲ್ವಾ? ಒಂದು ದಿನ ಪೂರ್ತಿ 2, ಇನ್ನೊಂದು ದಿನ ಪೂರ್ತಿ 8 ಯಾಕೆ? ಇಲ್ಲೇ ಇರುವುದು ಮಜಾ. ನಿಮ್ಮ ಪ್ರೋಗ್ರಾಂ ಸಿಗ್ನಲ್ ಕಂಡ ಮೇಲೆ ಎರಡು ಸೆಕೆಂಡ್ ಕಾದು ಮತ್ತೆ ಆನ್ ಮಾಡುತ್ತದೆ. ಎರಡು ಸೆಕೆಂಡ್ ಅಂದರೆ 50 ಹರ್ಟ್ಜ್‌ನಲ್ಲಿ ಸರಿಯಾಗಿ 100 ಸುತ್ತು. ಅಂದರೆ ಪ್ರತಿ ಸಲವೂ ನೀವು ಅಲೆಯ ಒಂದೇ ಜಾಗದಲ್ಲಿ ಬಾಗಿಲು ತಟ್ಟುತ್ತಿದ್ದೀರಿ. ಆದರೆ ಲೈನ್ ಯಾವತ್ತೂ ಸರಿಯಾಗಿ 50ರಲ್ಲೇ ನಿಲ್ಲುವುದಿಲ್ಲ. ಫ್ರೀಕ್ವೆನ್ಸಿ 49.95ಕ್ಕೆ ಇಳಿದಿದೆ ಅಂದುಕೊಳ್ಳಿ. ಆಗ 100 ಸುತ್ತಿಗೆ 2002 ಮಿಲಿಸೆಕೆಂಡ್ ಬೇಕು. ನಿಮ್ಮ ಬೋರ್ಡು 2000ಕ್ಕೇ ರಿಲೇಯನ್ನು ಕರೆಯಿತು. ಇನ್ನು 2 ಬಾಕಿ. ತೆರೆಯ ಮೇಲೆ 2 ಮಿಲಿಸೆಕೆಂಡ್ ಬಂತು. ಇನ್ನೊಂದು ದಿನ 50.05 ಇದ್ದರೆ 100 ಸುತ್ತು 1998ರಲ್ಲೇ ಮುಗಿಯುತ್ತದೆ. ನೀವು 2 ತಡವಾದಿರಿ, ಮುಂದಿನ ಸೊನ್ನೆಗೆ 8 ಕಾಯಬೇಕು. ಇದರ ಜೊತೆಗೆ ಬೋರ್ಡಿನ ಗಡಿಯಾರವೂ ಸೇರುತ್ತದೆ. ಅನೇಕ ಊನೋ ಬೋರ್ಡುಗಳಲ್ಲಿ ಪ್ರೊಸೆಸರಿಗೆ ತಾಳ ಹಾಕುವುದು ಕ್ರಿಸ್ಟಲ್ ಅಲ್ಲ, ಸೆರಾಮಿಕ್ ರೆಸೊನೇಟರ್. ಅದು ಸಾವಿರಕ್ಕೆ ಒಂದರಷ್ಟು ತಪ್ಪಿದರೂ ಎರಡು ಸೆಕೆಂಡಿಗೆ 2 ಮಿಲಿಸೆಕೆಂಡ್ ಆಚೀಚೆ ಆಗುತ್ತದೆ. ಒಟ್ಟಿನಲ್ಲಿ ನಿಮಗೆ ಸಿಕ್ಕಿದ್ದು ಲೈನ್ ಫ್ರೀಕ್ವೆನ್ಸಿ ಮತ್ತು ನಿಮ್ಮ ಬೋರ್ಡಿನ ಗಡಿಯಾರದ ನಡುವಿನ ಜಗಳದ ವರದಿ. ನಿಜ ಹೇಳಬೇಕೆಂದರೆ ಫ್ರೀಕ್ವೆನ್ಸಿ ಅಳೆಯಲು ಇದು ಕೆಟ್ಟ ಉಪಕರಣವೇನಲ್ಲ!

ಸುಲಭದ ಮದ್ದು ಹೀಗೆ. ಕಾಯುವ ಸಮಯಕ್ಕೆ ಪ್ರತಿ ಸಲ 0ಯಿಂದ 20 ಮಿಲಿಸೆಕೆಂಡಿನವರೆಗೆ ಯಾವುದೋ ಒಂದು ಮೊತ್ತ ಸೇರಿಸಿ. ರ್‍ಯಾಂಡಮ್ ಫಂಕ್ಷನ್ ಸಾಕು. ಒಂದು ಎಚ್ಚರಿಕೆ: ಡಿಲೇ ಮೈಕ್ರೋಸೆಕೆಂಡ್ಸ್ ಫಂಕ್ಷನ್ 16383ಕ್ಕಿಂತ ದೊಡ್ಡ ಮೊತ್ತಕ್ಕೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆ 10 ಸಾವಿರದ ಒಳಗಿನ ಎರಡು ತುಂಡು ಮಾಡಿಕೊಳ್ಳಿ. ಹೀಗೆ 300 ಸಲ ಅಳೆದು, 0–1 ಎಷ್ಟು ಬಂತು, 1–2 ಎಷ್ಟು ಬಂತು ಅಂತ ಡಬ್ಬಿ ಡಬ್ಬಿಯಾಗಿ ಎಣಿಸಿ. ಎಲ್ಲ ಡಬ್ಬಿಗಳೂ ಹೆಚ್ಚುಕಡಿಮೆ ಸಮ ತುಂಬಿದರೆ ಅದು ಜೀರೋ ಕ್ರಾಸಿಂಗ್ ರಿಲೇ. ಎಲ್ಲವೂ ಮೊದಲ ಡಬ್ಬಿಯಲ್ಲೇ ರಾಶಿ ಬಿದ್ದರೆ ಅದು ತಕ್ಷಣ ಆನ್ ಆಗುವ, ರ್‍ಯಾಂಡಮ್ ಟರ್ನ್ ಆನ್ ಜಾತಿಯದು.

ಇದಕ್ಕಿಂತ ನನಗೆ ಇಷ್ಟವಾದ ದಾರಿ ಇನ್ನೊಂದಿದೆ. ಇನ್ನೊಂದು ಬ್ರಿಡ್ಜ್, ಇನ್ನೊಂದು ಪಿಸಿ817 ತೆಗೆದುಕೊಂಡು ರಿಲೇಗೂ ಮುಂಚೆ, ಟ್ರಾನ್ಸ್‌ಫಾರ್ಮರಿನ 24 ವೋಲ್ಟ್ ತುದಿಗಳಿಗೇ ಹಾಕಿ. ಈಗ ಬೋರ್ಡಿಗೆ ಸೊನ್ನೆ ಯಾವಾಗ ಬರುತ್ತದೆ ಅಂತ ಗೊತ್ತು. ಸೊನ್ನೆ ದಾಟಿ 0.5 ಮಿಲಿಸೆಕೆಂಡಿಗೆ ಒಮ್ಮೆ ಆನ್ ಮಾಡಿ ಅಳೆಯಿರಿ. ಆಮೇಲೆ 1ಕ್ಕೆ, 1.5ಕ್ಕೆ, ಹೀಗೆ 9.5ರವರೆಗೆ. ಚೌಕಳಿ ಹಾಳೆಯ ಮೇಲೆ ಅಡ್ಡಕ್ಕೆ ಕರೆದ ಹೊತ್ತು, ಉದ್ದಕ್ಕೆ ತಗುಲಿದ ಸಮಯ ಬರೆಯಿರಿ. ಜೀರೋ ಕ್ರಾಸಿಂಗ್ ಆದರೆ ಜಾರುಬಂಡೆಯ ಹಾಗೆ ಒಂದು ಗೆರೆ ಕೆಳಗೆ ಇಳಿಯುತ್ತದೆ: 3ಕ್ಕೆ ಕರೆದರೆ 7, 6ಕ್ಕೆ ಕರೆದರೆ 4. ಕರೆದ ಹೊತ್ತೂ ಕಾದ ಹೊತ್ತೂ ಕೂಡಿಸಿದರೆ ಹೆಚ್ಚುಕಡಿಮೆ 10. ರ್‍ಯಾಂಡಮ್ ಜಾತಿಯಾದರೆ ಗೆರೆ ತಳದಲ್ಲೇ ಚಪ್ಪಟೆಯಾಗಿ ಮಲಗಿರುತ್ತದೆ. ಸ್ಕೋಪ್ ಇದ್ದವರೂ ಇಷ್ಟು ಸ್ಪಷ್ಟವಾಗಿ ನೋಡಿರುವುದಿಲ್ಲ.

ಗೆರೆಯ ಶುರುವಿನಲ್ಲಿ ಒಂದು ವಿಚಿತ್ರ ಕಾಣಬಹುದು. 0.5, 1, ಕೆಲವೊಮ್ಮೆ 2ರವರೆಗೂ ರಿಲೇ ಕಾಯದೆ ತಕ್ಷಣ ಆನ್ ಆಗುತ್ತದೆ. ತಪ್ಪು ಹುಡುಕಬೇಡಿ. ಜೀರೋ ಕ್ರಾಸಿಂಗ್ ಚಿಪ್ ಸರಿಯಾಗಿ ಸೊನ್ನೆಯನ್ನೇ ನೋಡುವುದಿಲ್ಲ, ವೋಲ್ಟೇಜ್ ಒಂದು ಮಿತಿಗಿಂತ ಕೆಳಗಿದೆಯಾ ಅಂತ ನೋಡುತ್ತದೆ. ಎಂಒಸಿ3041 ಥರದ ಚಿಪ್‌ನಲ್ಲಿ ಆ ಮಿತಿ ಗರಿಷ್ಠ 20 ವೋಲ್ಟ್ ಇರಬಹುದು. 230 ವೋಲ್ಟ್ ಲೈನಿನ ತುತ್ತತುದಿ 325 ವೋಲ್ಟ್. ಅಲ್ಲಿ 20 ವೋಲ್ಟ್ ಏರಲು 0.2 ಮಿಲಿಸೆಕೆಂಡ್ ಸಾಕು. ನಿಮ್ಮ 24 ವೋಲ್ಟಿನ ತುತ್ತತುದಿ ಬರೀ 34. ಅಲ್ಲಿ 20 ವೋಲ್ಟ್ ಏರಲು 2 ಮಿಲಿಸೆಕೆಂಡ್ ಬೇಕು. ಅದೇ ಕಿಟಕಿ, ಚಿಕ್ಕ ಗೋಡೆಯಲ್ಲಿ ದೊಡ್ಡದಾಗಿ ಕಾಣುತ್ತದೆ. ಹಾಗಂತ ಇದನ್ನು ಮೇನ್ಸ್‌ನಲ್ಲೇ ನೋಡುತ್ತೇನೆ ಅಂತ ಹೊರಡಬೇಡಿ. ಬ್ರೆಡ್‌ಬೋರ್ಡ್ ಮೇಲೆ 230 ವೋಲ್ಟ್ ತರುವ ಕೆಲಸವೇ ಬೇಡ. 24 ವೋಲ್ಟ್ ಟ್ರಾನ್ಸ್‌ಫಾರ್ಮರ್, ಜೊತೆಗೊಂದು ಫ್ಯೂಸ್, ಇಷ್ಟರಲ್ಲಿ ತಿಳಿಯಬೇಕಾದ್ದೆಲ್ಲ ತಿಳಿಯುತ್ತದೆ. 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಮಾತ್ರ ಬಳಸಬೇಡಿ. ರಿಲೇ ಮೇಲೆಯೇ ಕನಿಷ್ಠ 24 ಅಂತ ಬರೆದಿದೆಯಲ್ಲ.

ಇನ್ನು ನಿಮ್ಮ ಪಿಸಿ817. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುತ್ತಾರೆ. ಇಲ್ಲಿ ಮಾತ್ರ ನೆಲ ನಿಜಕ್ಕೂ ಸ್ವಲ್ಪ ಡೊಂಕು. ಆಪ್ಟೊ ಒಳಗಿನ ಎಲ್‌ಇಡಿಗೆ 4.7 ಕಿಲೋ ಓಮ್ ರೆಸಿಸ್ಟರ್, ಆಚೆ ಕಡೆ 5 ವೋಲ್ಟಿಗೆ ಎಳೆಯುವ 10 ಕಿಲೋ ಓಮ್ ಪುಲ್‌ಅಪ್ ಇದೆ ಅಂದುಕೊಳ್ಳೋಣ. ಔಟ್‌ಪುಟ್ ಪೂರ್ತಿ ಕೆಳಗಿಳಿಯಲು ಎಲ್‌ಇಡಿಯಲ್ಲಿ ಸುಮಾರು 1 ಮಿಲಿಆಂಪ್ ಹರಿಯಬೇಕು. ರೆಸಿಸ್ಟರ್ ಮೇಲೆ 4.7 ವೋಲ್ಟ್, ಎಲ್‌ಇಡಿ ಮೇಲೆ 1.2, ಬ್ರಿಡ್ಜಿನ ಎರಡು ಡಯೋಡಿಗೆ ಇನ್ನೊಂದಿಷ್ಟು. ಒಟ್ಟು 7 ವೋಲ್ಟ್ ಆಗುವವರೆಗೆ ನಿಮ್ಮ ಆಪ್ಟೊ ಕಣ್ಣೇ ತೆರೆಯುವುದಿಲ್ಲ. 34 ವೋಲ್ಟ್ ಅಲೆ ಸೊನ್ನೆಯಿಂದ 7 ಏರಲು ಸುಮಾರು 0.7 ಮಿಲಿಸೆಕೆಂಡ್. ಅಂದರೆ ಜೀರೋ ಕ್ರಾಸಿಂಗ್ ರಿಲೇಯ ಪ್ರತಿ ಅಳತೆಗೂ ಈ 0.7 ಸುಮ್ನೆ ಸೇರಿಕೊಂಡಿದೆ. ಇದನ್ನು ಕಳೆಯುವುದು ಸುಲಭ. ಸೊನ್ನೆ ನೋಡುವ ಆಪ್ಟೊ ಕಣ್ಣು ಮುಚ್ಚುವ ಕ್ಷಣ, ಮತ್ತೆ ತೆರೆಯುವ ಕ್ಷಣ ಎರಡನ್ನೂ ಬರೆದುಕೊಳ್ಳಿ. ನಿಜವಾದ ಸೊನ್ನೆ ಇರುವುದು ಇವೆರಡರ ನಟ್ಟನಡುವೆ. ಆ ಕತ್ತಲೆಯ ಅರ್ಧ ಅಗಲವೇ ನಿಮ್ಮ ಆಪ್ಟೊದ ತಪ್ಪು. ಲೋಡ್ ಕಡೆಯ ಆಪ್ಟೊಗೂ ಅದೇ ಬೆಲೆಯ ರೆಸಿಸ್ಟರ್ ಹಾಕಿದ್ದರೆ ಹೆಚ್ಚುಕಡಿಮೆ ಅಷ್ಟನ್ನೇ ಅಲ್ಲೂ ಕಳೆಯಿರಿ.

ಲೋಡ್ ಇಲ್ಲದೆ ಅಳೆಯುವ ತಪ್ಪನ್ನು ನೀವು ಮಾಡಿಲ್ಲ, ಒಳ್ಳೆಯದಾಯಿತು. ಬಹಳ ಜನ ಮಾಡುತ್ತಾರೆ. ರಿಲೇ ಒಳಗೆ ಸ್ನಬರ್ (ವೋಲ್ಟೇಜಿನ ಹಠಾತ್ ಏರಿಕೆ ತಡೆಯುವ ರೆಸಿಸ್ಟರ್-ಕೆಪ್ಯಾಸಿಟರ್ ಜೋಡಿ) ಇದ್ದರೆ ಆಫ್ ಇದ್ದಾಗಲೂ ಕೆಲವು ಮಿಲಿಆಂಪ್ ಸೋರುತ್ತದೆ. ಲೋಡ್ ಇಲ್ಲದೆ ಮೀಟರ್ ಹಿಡಿದರೆ ಪೂರ್ತಿ ವೋಲ್ಟೇಜ್ ತೋರಿಸಿ ಹೆದರಿಸುತ್ತದೆ. ಅಲ್ಲದೆ ಟ್ರಯಾಕ್ ಹೊತ್ತಿಕೊಂಡು ನಿಲ್ಲಲು ಒಂದಿಷ್ಟು ಕರೆಂಟ್ ಬೇಕೇ ಬೇಕು. 100 ಓಮ್, 10 ವ್ಯಾಟ್ ರೆಸಿಸ್ಟರ್ ಚೆನ್ನಾಗಿ ಹೊಂದುತ್ತದೆ. 24 ವೋಲ್ಟಿಗೆ ಕಾಲು ಆಂಪ್‌ನಷ್ಟು ಹರಿದು, ಆರು ವ್ಯಾಟ್‌ನಷ್ಟು ಬಿಸಿಯಾಗುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ. ಬಲ್ಬು ಬೇಡ. ತಣ್ಣಗಿದ್ದಾಗ ಅದರ ರೆಸಿಸ್ಟೆನ್ಸ್ ಬಹಳ ಕಡಿಮೆ, ಬಿಸಿಯಾದಂತೆ ಏರುತ್ತಾ ಹೋಗುತ್ತದೆ. ಎರಡು ಅಳತೆ ಒಂದೇ ಥರ ಬರುವುದಿಲ್ಲ.

ಆಫ್ ಆಗುವ ಸಮಯದ ಕಥೆಯೂ ಇದೇ, 0ಯಿಂದ 10. ಇಲ್ಲಿ ರ್‍ಯಾಂಡಮ್ ಜಾತಿ, ಜೀರೋ ಕ್ರಾಸಿಂಗ್ ಜಾತಿ ಅಂತ ಭೇದವಿಲ್ಲ. ಎರಡೂ ಕರೆಂಟ್ ಸೊನ್ನೆಯಾಗುವವರೆಗೆ ಕಾಯಲೇಬೇಕು. ಅಳೆಯುವಾಗ ಒಂದು ತೊಡಕಿದೆ. ಆನ್ ಇದ್ದಾಗಲೂ ಪ್ರತಿ ಸೊನ್ನೆಯ ಹತ್ತಿರ ಆಪ್ಟೊ ಒಮ್ಮೆ ಕಣ್ಣು ಮಿಟುಕಿಸುತ್ತದೆ. ಅದನ್ನೇ ಆಫ್ ಅಂತ ಹಿಡಿಯಬೇಡಿ. ಸಿಗ್ನಲ್ ಹೋಗಿ 3 ಮಿಲಿಸೆಕೆಂಡ್ ಆದರೂ ಬರದಿದ್ದರೆ ಮಾತ್ರ ಆಫ್ ಅಂತ ಲೆಕ್ಕ, ಸಮಯ ಮಾತ್ರ ಸಿಗ್ನಲ್ ಹೋದ ಕ್ಷಣದ್ದೇ ಬರೆದುಕೊಳ್ಳಿ.

ಈಗ ಡಿಸಿ ರಿಲೇಗೆ ಬರೋಣ. ಇಲ್ಲಿ ಲೈನಿನ ಕಾಟವಿಲ್ಲ, ಹಾಗಾಗಿ ನಿಜವಾಗಿಯೂ ರಿಲೇಯದೇ ಆದ ವೇಗ ಸಿಗುತ್ತದೆ. ಒಳಗಿರುವುದು ಮಾಸ್‌ಫೆಟ್. ಅದು ಗೇಟಿನಲ್ಲಿ ಚಾರ್ಜ್ ತುಂಬಿದಾಗ ತೆರೆದುಕೊಳ್ಳುವ ಟ್ರಾನ್ಸಿಸ್ಟರ್. ಅದರ ಗೇಟನ್ನು ತುಂಬಿಸುವುದು ಯಾರು ಅನ್ನುವುದರ ಮೇಲೆ ವೇಗ ನಿಂತಿದೆ. ಬಹಳಷ್ಟು ಡಿಸಿ ರಿಲೇಗಳಲ್ಲಿ ಎಲ್‌ಇಡಿಯ ಬೆಳಕು ಪುಟ್ಟ ಸೋಲಾರ್ ಸೆಲ್‌ಗಳ ಸಾಲಿನ ಮೇಲೆ ಬೀಳುತ್ತದೆ, ಅದು ಗೇಟಿಗೆ ಕರೆಂಟ್ ಕೊಡುತ್ತದೆ. ಕೊಡುವುದು ಎಷ್ಟು? ಕೆಲವೇ ಮೈಕ್ರೋಆಂಪ್, ಹೆಚ್ಚೆಂದರೆ ಕೆಲವು ಹತ್ತು. ದೊಡ್ಡ ಮಾಸ್‌ಫೆಟ್‌ನ ಗೇಟಿಗೆ 50 ನ್ಯಾನೋಕೂಲಂಬ್ ಬೇಕು, ಬರುತ್ತಿರುವುದು 20 ಮೈಕ್ರೋಆಂಪ್ ಅಂದರೆ ತುಂಬಲು 2.5 ಮಿಲಿಸೆಕೆಂಡ್. ಸಣ್ಣ ನಲ್ಲಿ, ದೊಡ್ಡ ಬಕೆಟ್. ಫೋಟೋಮಾಸ್ ಅನ್ನುವ, ಇದೇ ತತ್ವದ ಚಿಕ್ಕ ರಿಲೇಗಳಲ್ಲಿ ಬಕೆಟ್ ಚಿಕ್ಕದು, ಅಲ್ಲಿ ಒಂದು ಮಿಲಿಸೆಕೆಂಡಿಗಿಂತ ಬೇಗ ಮುಗಿಯುವುದು ಸಾಮಾನ್ಯ.

ಇಲ್ಲಿ ಪಿಸಿ817 ಬೇಡ. ಆಫ್ ಆಗುವಾಗ ಅದು ತಾನೇ ಹತ್ತಾರು ಮೈಕ್ರೋಸೆಕೆಂಡ್ ಎಳೆಯುತ್ತದೆ. 12 ವೋಲ್ಟ್ ಡಿಸಿಯಲ್ಲಿ ಅದರ ಅಗತ್ಯವೂ ಇಲ್ಲ. ಬ್ಯಾಟರಿಯ ಪ್ಲಸ್ ರಿಲೇಗೆ, ರಿಲೇಯಿಂದ ಅದೇ 100 ಓಮ್ ರೆಸಿಸ್ಟರಿಗೆ, ಅಲ್ಲಿಂದ ಗ್ರೌಂಡಿಗೆ. ಆ ಗ್ರೌಂಡನ್ನೇ ಬೋರ್ಡಿನ ಗ್ರೌಂಡಿಗೂ ಸೇರಿಸಿ. ರೆಸಿಸ್ಟರ್ ಮೇಲಿನ ವೋಲ್ಟೇಜನ್ನು 18 ಕಿಲೋ ಮತ್ತು 10 ಕಿಲೋ ಓಮ್ ಡಿವೈಡರ್‌ನಿಂದ ಇಳಿಸಿ. 12 ವೋಲ್ಟಿಗೆ 4.3 ಸಿಗುತ್ತದೆ. ಪೂರ್ತಿ ಚಾರ್ಜ್ ಆಗುತ್ತಿರುವ ಬ್ಯಾಟರಿಯ 13.8 ವೋಲ್ಟ್ ಬಂದರೂ 5 ದಾಟುವುದಿಲ್ಲ, ಪಿನ್ ಬದುಕುತ್ತದೆ.

ಮೈಕ್ರೋಸ್ ಫಂಕ್ಷನ್ ಊನೋದಲ್ಲಿ 4 ಮೈಕ್ರೋಸೆಕೆಂಡ್ ಹೆಜ್ಜೆಯಲ್ಲಿ ಎಣಿಸುತ್ತದೆ. ಮಿಲಿಸೆಕೆಂಡ್ ಅಳೆಯಲು ಅಷ್ಟು ಸಾಕು. ಆದರೆ ಟೈಮರ್ 1ರ ಇನ್‌ಪುಟ್ ಕ್ಯಾಪ್ಚರ್ ಬಳಸಿದರೆ ಪ್ರೋಗ್ರಾಮಿನ ಗಡಿಬಿಡಿ ಯಾವುದೂ ಅಳತೆಗೆ ಅಂಟುವುದಿಲ್ಲ. ಸಿಗ್ನಲ್ ಬದಲಾದ ಕ್ಷಣದ ಎಣಿಕೆಯನ್ನು ಹಾರ್ಡ್‌ವೇರೇ ಹಿಡಿದಿಟ್ಟುಕೊಳ್ಳುತ್ತದೆ. ಪ್ರಿಸ್ಕೇಲರ್ (ಗಡಿಯಾರವನ್ನು ಭಾಗಿಸುವ ಸಂಖ್ಯೆ) 8 ಇಟ್ಟರೆ ಅರ್ಧ ಮೈಕ್ರೋಸೆಕೆಂಡ್ ಹೆಜ್ಜೆ, ಎಣಿಕೆ ತುಂಬಿ ಮತ್ತೆ ಸೊನ್ನೆಗೆ ಬರಲು 32.8 ಮಿಲಿಸೆಕೆಂಡ್. ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಇದಕ್ಕೆ ಒಂದು ಪೊಟೆನ್ಶಿಯೋಮೀಟರ್ (ತಿರುಗಿಸಿ ವೋಲ್ಟೇಜ್ ಬದಲಿಸುವ ರೆಸಿಸ್ಟರ್) ಸೇರಿಸಿ, ಸ್ಕೋಪ್ ಇಲ್ಲ ಅನ್ನುವ ಕೊರಗೇ ಹೋಗುತ್ತದೆ. ಊನೋ ಚಿಪ್ಪಿನಲ್ಲಿ ಎರಡು ವೋಲ್ಟೇಜ್ ಹೋಲಿಸುವ ಒಂದು ಅನಲಾಗ್ ಕಂಪ್ಯಾರೇಟರ್ ಇದೆ, ಪಿನ್ 6 ಮತ್ತು 7ರಲ್ಲಿ. ಅದರ ಔಟ್‌ಪುಟ್ಟನ್ನು ಒಳಗಿಂದಲೇ ಇನ್‌ಪುಟ್ ಕ್ಯಾಪ್ಚರ್‌ಗೆ ಸೇರಿಸಬಹುದು. ಎಸಿಎಸ್‌ಆರ್ ರಿಜಿಸ್ಟರಿನ ಎಸಿಐಸಿ ಬಿಟ್ ಅದಕ್ಕಾಗಿಯೇ ಇರುವುದು. ಡಿವೈಡರಿನ ಸಿಗ್ನಲ್ ಪಿನ್ 6ಕ್ಕೆ. ಪೊಟೆನ್ಶಿಯೋಮೀಟರಿನ ನಡುಕಾಲು ಪಿನ್ 7ಕ್ಕೆ, ಅಕ್ಕಪಕ್ಕದ ಕಾಲುಗಳು 5 ವೋಲ್ಟ್ ಮತ್ತು ಗ್ರೌಂಡಿಗೆ. ಮೀಟರ್ ಹಿಡಿದು ಪಿನ್ 7ನ್ನು 0.4 ವೋಲ್ಟಿಗೆ ತನ್ನಿ, 50 ಸಲ ಅಳೆದು ಸರಾಸರಿ ಬರೆಯಿರಿ. ಆಮೇಲೆ 0.8, 1.2, ಹೀಗೆ 3.9ರವರೆಗೆ. ಪ್ರತಿ ವೋಲ್ಟೇಜ್ ತಲುಪಲು ಎಷ್ಟು ಹೊತ್ತು ಬೇಕಾಯಿತು ಅಂತ ಗೊತ್ತಾಯಿತು. ಚುಕ್ಕೆ ಇಟ್ಟು ಸೇರಿಸಿದರೆ ಸ್ಕೋಪಿನ ತೆರೆಯ ಮೇಲೆ ಬರಬೇಕಿದ್ದ ಚಿತ್ರವೇ ಹಾಳೆಯ ಮೇಲೆ ಬರುತ್ತದೆ. ಮೊದಲು ಏನೂ ಆಗದ ಒಂದು ಚಪ್ಪಟೆ ಭಾಗ, ಆಮೇಲೆ ಏರು. ಚಪ್ಪಟೆ ಭಾಗ ಗೇಟ್ ಹೊಸ್ತಿಲಿಗೆ ಬರುವವರೆಗಿನ ತಡ. ಏರು ಭಾಗ ಮಾಸ್‌ಫೆಟ್ ಅರ್ಧಂಬರ್ಧ ತೆರೆದಿರುವ ಸಮಯ. ಬಿಸಿ ಹುಟ್ಟುವುದು ಈ ಏರಿನಲ್ಲೇ. ಇಳಿಯುವ ಅಂಚಿಗೂ ಇದನ್ನೇ ಮಾಡಿ. ಎರಡೂ ಒಂದೇ ಥರ ಇರುವುದಿಲ್ಲ, ಯಾಕೆಂದರೆ ಗೇಟನ್ನು ಖಾಲಿ ಮಾಡುವ ದಾರಿ ಬೇರೆ.

ಶುರು ಮಾಡುವ ಮುಂಚೆ ನಿಮ್ಮ ಉಪಕರಣವನ್ನೇ ಒಮ್ಮೆ ಪರೀಕ್ಷೆ ಮಾಡಿ. ರಿಲೇ ಬದಲು ಬೋರ್ಡಿನಿಂದ ನೇರ ಒಂದು ವೈರ್ ಎಳೆದು ಪಿನ್ 6ಕ್ಕೆ ಕೊಡಿ. ಒಂದೆರಡು ಮೈಕ್ರೋಸೆಕೆಂಡ್ ಬರಬೇಕು. ಡಿಜಿಟಲ್‌ರೈಟ್ ಫಂಕ್ಷನ್ ಬಳಸಿದರೆ ಇನ್ನು ಮೂರ್ನಾಲ್ಕು ಜಾಸ್ತಿ. ಆಮೇಲೆ ಡಿಸಿ ರಿಲೇಯ ಜಾಗದಲ್ಲಿ ಒಂದು ಮಾಮೂಲಿ ಕಾಂಟ್ಯಾಕ್ಟ್ ರಿಲೇ ಹಾಕಿ ನೋಡಿ. ಅದರ ಕಾಯಿಲ್ ಮಾತ್ರ ಬೋರ್ಡಿನ ಪಿನ್ನಿಗೆ ನೇರ ಬೇಡ, ಟ್ರಾನ್ಸಿಸ್ಟರ್ ಮತ್ತು ಡಯೋಡ್ ಮೂಲಕ. ಕೆಲವು ಮಿಲಿಸೆಕೆಂಡ್ ಬಂದು, ಆಮೇಲೆ ಕಾಂಟ್ಯಾಕ್ಟ್ ಪುಟಿಯುವುದೂ ಕಂಡರೆ ನಿಮ್ಮ ಉಪಕರಣ ನಂಬಿಕಸ್ಥ. ಸಾಲಿಡ್ ಸ್ಟೇಟ್ ರಿಲೇ ಪುಟಿಯುವುದಿಲ್ಲ. ಅದರಲ್ಲೂ ಹಾಗೆ ಕಂಡರೆ ಎಲ್ಲೋ ಜಂಪರ್ ವೈರ್ ಸಡಿಲ.

ಕಂಪ್ಯೂಟರಿನ ಸೌಂಡ್ ಕಾರ್ಡನ್ನೇ ಸ್ಕೋಪ್ ಮಾಡಿಕೊಳ್ಳುವ ಸಲಹೆಯೂ ನಿಮ್ಮ ಕಿವಿಗೆ ಬಿದ್ದಿರಬಹುದು. 48 ಕಿಲೋಹರ್ಟ್ಜ್‌ನಲ್ಲಿ 21 ಮೈಕ್ರೋಸೆಕೆಂಡಿಗೊಂದು ಚುಕ್ಕೆ ಸಿಗುತ್ತದೆ, ವೇಗ ಸಾಲುತ್ತದೆ. ಆದರೆ ಅದರ ಇನ್‌ಪುಟ್‌ನಲ್ಲಿ ಕೆಪ್ಯಾಸಿಟರ್ ಇರುವುದರಿಂದ ಡಿಸಿ ಮಟ್ಟ ಕಾಣುವುದಿಲ್ಲ, ಏರಿದ ಗೆರೆ ತಾನಾಗಿಯೇ ಕೆಳಗೆ ಜಾರುತ್ತದೆ. ಒಂದು ಪಿನ್ ತಪ್ಪಿದರೆ ಕಂಪ್ಯೂಟರೇ ಹೋಗಬಹುದು. ನನಗೆ ಇಷ್ಟವಿಲ್ಲ.

ಇನ್‌ಪುಟ್ ಕಡೆಯನ್ನೂ ಮರೆಯಬೇಡಿ. ರಿಲೇ ಆನ್ ಇದ್ದಾಗ ಅದರ ಇನ್‌ಪುಟ್ ಸ್ಕ್ರೂಗಳ ಮೇಲೆ ಮೀಟರ್ ಹಿಡಿದು 3 ವೋಲ್ಟಿಗಿಂತ ಚೆನ್ನಾಗಿ ಮೇಲಿದೆಯಾ ನೋಡಿ. ಬೋರ್ಡಿನ ಪಿನ್ನಿಂದ 20 ಮಿಲಿಆಂಪ್‌ಗಿಂತ ಜಾಸ್ತಿ ಎಳೆಯಬಾರದು. ಒಳಗೆ ಬರೀ ಎಲ್‌ಇಡಿ ಇರುವ ಚಿಕ್ಕ ಫೋಟೋಮಾಸ್ ಆದರೆ ಎಲ್‌ಇಡಿ ಕರೆಂಟ್ ಹೆಚ್ಚಿಸಿದಷ್ಟೂ ಬೇಗ ಆನ್ ಆಗುತ್ತದೆ. 3–32 ವೋಲ್ಟ್ ಅಂತ ಬರೆದಿರುವುದರಲ್ಲಿ ಸಾಮಾನ್ಯವಾಗಿ ಒಳಗೇ ಕರೆಂಟ್ ನಿಯಂತ್ರಣ ಇರುತ್ತದೆ, ಅಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಕೊನೆಗೆ ಪಿಡಬ್ಲ್ಯೂಎಂ. ಊನೋದ ಹೆಚ್ಚಿನ ಪಿನ್‌ಗಳಲ್ಲಿ ಅನಲಾಗ್‌ರೈಟ್ ಕೊಡುವುದು 490 ಹರ್ಟ್ಜ್, ಅಂದರೆ ಒಂದು ಸುತ್ತಿಗೆ 2 ಮಿಲಿಸೆಕೆಂಡ್ ಚಿಲ್ಲರೆ. 20 ಶೇಕಡಾ ಡ್ಯೂಟಿಗೆ (ಸುತ್ತಿನ ಇಷ್ಟು ಭಾಗ ಆನ್) ಪಲ್ಸ್ 0.4 ಮಿಲಿಸೆಕೆಂಡ್. ನಿಮ್ಮ ರಿಲೇಯ ಏರು 1 ಮಿಲಿಸೆಕೆಂಡ್ ಅಂತ ಹಾಳೆಯ ಮೇಲೆ ಬಂದರೆ, ಅದು ಅರ್ಧ ತೆರೆಯುವಷ್ಟರಲ್ಲೇ ಮುಚ್ಚು ಅಂತ ಕರೆ ಬರುತ್ತದೆ. ನಿಧಾನದ ಫ್ರೀಕ್ವೆನ್ಸಿ ಇಟ್ಟರೂ ಬಿಸಿಯ ಲೆಕ್ಕ ಹಾಕಿ. ರೆಸಿಸ್ಟರ್ ಲೋಡಿನಲ್ಲಿ, ಏರು ನೇರ ಗೆರೆ ಅಂತ ಹಿಡಿದರೆ, ಒಂದು ಅಂಚಿಗೆ ಹೋಗುವ ಶಕ್ತಿ ವೋಲ್ಟ್ ಗುಣಿಸು ಆಂಪ್ ಗುಣಿಸು ಸಮಯ, ಭಾಗಿಸು 6. 24 ವೋಲ್ಟ್, 10 ಆಂಪ್, 1 ಮಿಲಿಸೆಕೆಂಡ್ ಆದರೆ 40 ಮಿಲಿಜೂಲ್. ಏರು ಇಳಿತ ಎರಡೂ ಸೇರಿ 80. ಸೆಕೆಂಡಿಗೆ 100 ಸಲ ಮಾಡಿದರೆ 8 ವ್ಯಾಟ್, ಆನ್ ಇದ್ದಾಗಿನ ಬಿಸಿ ಬೇರೆ. ಹೀಟ್‌ಸಿಂಕ್ ಇಲ್ಲದೆ ಅದು ಬಹಳ ಹೊತ್ತು ಬಾಳುವುದಿಲ್ಲ. ಹೀಟರ್ ನಿಯಂತ್ರಣವಾದರೆ ಒಂದೆರಡು ಸೆಕೆಂಡಿನ ಸುತ್ತು ಇಟ್ಟು, ಅದರಲ್ಲಿ ಇಷ್ಟು ಹೊತ್ತು ಆನ್, ಇಷ್ಟು ಹೊತ್ತು ಆಫ್ ಮಾಡಿ. ಎರಡು ರಿಲೇಗೂ ಅದು ಸಲೀಸು. ಮೋಟರ್ ವೇಗವೋ ಎಲ್‌ಇಡಿ ಬೆಳಕೋ ನಿಮಗೆ ಬೇಕಿದ್ದರೆ ಈ ರಿಲೇಯನ್ನು ಪಕ್ಕಕ್ಕಿಟ್ಟು, ಬೋರ್ಡಿನ 5 ವೋಲ್ಟಿಗೇ ಪೂರ್ತಿ ತೆರೆಯುವ ಲಾಜಿಕ್ ಲೆವೆಲ್ ಮಾಸ್‌ಫೆಟ್ಟನ್ನೇ ನೇರವಾಗಿ ಬಳಸಿ. ಮೋಟರ್ ಆದರೆ ಅದರ ಎರಡು ತುದಿಗೆ ಆಫ್ ಆದಾಗ ಉಳಿದ ಕರೆಂಟಿಗೆ ದಾರಿ ಕೊಡುವ ಒಂದು ಫ್ರೀವೀಲ್ ಡಯೋಡ್ ಹಾಕುವುದನ್ನು ಮರೆಯಬೇಡಿ.